ಅಂತೆ ಇಲ್ಲದ ಮಾತು

ಇತ್ತೀಚೆಗೆ ನನಗೊಂದು ಸಣ್ಣ ಚಿಂತೆ ಹತ್ತಿಕೊಂಡಿದೆ. ನನ್ನ ಮಾತೆಲ್ಲ 'ಅಂತೆ'ಯಲ್ಲಿ ಮುಗಿಯುತ್ತದೆ. ಬರಬೇಕಂತೆ, ಹೋಗ್ತಾರಂತೆ, ಬೇಡವಂತೆ. ನಿನ್ನೆ ಅಮ್ಮ "ಹೊಟ್ಟೆ ಹಸಿದಿದೆಯೇನೇ?" ಎಂದು ಕೇಳಿದ್ದಕ್ಕೆ "ಹ್ಞೂಂ, ಹಸಿದಿದೆಯಂತೆ" ಎಂದುಬಿಟ್ಟೆ. ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು. "ಯಾರಿಗಂತೆ? ಹೊಟ್ಟೆ ನಿಂದೋ, ಪಕ್ಕದ ಮನೆಯೋರದ್ದೋ?"

ನಾನೂ ನಕ್ಕೆ. ಆಮೇಲೆ ಕೋಣೆಗೆ ಬಂದು ದಿನಚರಿ ತೆರೆದಾಗ ನಗು ಬರಲಿಲ್ಲ. ನನ್ನ ಹಸಿವು ಕೂಡ ಯಾರೋ ಹೇಳಿ ಕಳಿಸಿದ ಸುದ್ದಿಯಾಗಿಬಿಟ್ಟಿದೆಯೇ ಎಂದು ಬರೆದೆ. ತೀರಾ ನಾಟಕವಾಯಿತು ಅನ್ನಿಸಿ ಹೊಡೆದುಹಾಕಿದೆ. ಹೊಡೆದದ್ದರ ಅಡಿಯಲ್ಲೂ ಅದು ಓದುವ ಹಾಗೇ ಇತ್ತು.

ಕಾರಣ ಗೊತ್ತಿಲ್ಲದ್ದೇನಲ್ಲ. ನಮ್ಮದು ಗಾಜಿನ ಅಂಗಡಿ. ಕಿಟಕಿಗೆ, ಬಾಗಿಲಿಗೆ, ಕಪಾಟಿಗೆ ಗಾಜು ಕತ್ತರಿಸಿ ಕೂರಿಸುವುದು ಅಪ್ಪ ಮತ್ತು ಚಿಕ್ಕಪ್ಪನ ಕಸುಬು. ಬೀದಿಗೆ ತೆರೆದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಮರದ ಚೌಕಟ್ಟುಗಳಲ್ಲಿ ಒರಗಿಸಿಟ್ಟ ಗಾಜಿನ ಹಾಳೆಗಳು, ಪಕ್ಕದಿಂದ ನೋಡಿದರೆ ಹಸಿರು, ಎದುರಿನಿಂದ ನೋಡಿದರೆ ಏನೂ ಇಲ್ಲ. ಈ ತುದಿಯಲ್ಲಿ ಅಪ್ಪನ ಮೇಜು, ಆ ತುದಿಯಲ್ಲಿ ಚಿಕ್ಕಪ್ಪನ ಮೇಜು. ಎರಡಕ್ಕೂ ಹಳೆಯ ಕಂಬಳಿ ಹೊದಿಸಿದೆ. ನಡುವೆ ಬಿಲ್ಲು ಬರೆಯುವ ನನ್ನ ಕುರ್ಚಿ. ನಾನು ಕಾಲೇಜು ಸೇರಿದ ವರ್ಷದಿಂದ ಅವರಿಬ್ಬರಲ್ಲಿ ಮಾತಿಲ್ಲ. ಆದರೆ ಕೆಲಸ ಒಂದು ದಿನವೂ ನಿಂತಿಲ್ಲ. ಮಾತಿಲ್ಲದೆ ಗಾಜಿನ ಕೆಲಸ ಸಾಗುವುದಿಲ್ಲವಾದ್ದರಿಂದ ಮಾತೆಲ್ಲ ನನ್ನ ಮೂಲಕ ಹೋಗುತ್ತದೆ.

"ನಿಮ್ಮಪ್ಪಂಗೆ ಹೇಳು, ದಪ್ಪ ಗಾಜು ಮುಗಿದುಹೋಗಿದೆ ಅಂತ."

"ಅಪ್ಪಾ, ದಪ್ಪ ಗಾಜು ಮುಗಿದಿದೆಯಂತೆ."

"ಕೇಳಿಸ್ತು. ನಾನೇನು ಕಿವುಡನಾ? ನಿಮ್ಮ ಚಿಕ್ಕಪ್ಪಂಗೆ ಹೇಳು, ನಿನ್ನೇನೇ ತರಿಸಿಟ್ಟಿದೀನಿ, ಕಣ್ಣು ಬಿಟ್ಟು ಹಿಂದೆ ನೋಡು ಅಂತ."

"ಚಿಕ್ಕಪ್ಪ, ನಿನ್ನೆ ತರಿಸಿದಾರಂತೆ. ಹಿಂದೆ ಇದೆಯಂತೆ."

"'ಕಣ್ಣು ಬಿಟ್ಟು' ಅಂದಿದ್ದನ್ನ ಎಲ್ಲಿ ನುಂಗ್ದೆ? ಇದ್ದಿದ್ದು ಇದ್ದ ಹಾಗೆ ಹೇಳು. ಅಂಚೆಯೋರು ಕಾಗದ ತೆರೆದು ತಿದ್ದಬಾರದು, ತಾಯಿ."

ಹಾಗೆ ನನಗೆ 'ಅಂಚೆ' ಎಂಬ ಹೆಸರು ಬಿತ್ತು. ಅಮ್ಮನ ಲೆಕ್ಕದಲ್ಲಿ ನಾನು ಇನ್ನೂ ಕೆಳಗಿನ ದರ್ಜೆ: "ಇವಳೆಲ್ಲಿ ಅಂಚೆ? ಬರೀ ಟೆಲಿಫೋನ್ ಕಂಬ. ಎರಡು ಕಡೆಯಿಂದಲೂ ಎಳೀತಾರೆ, ನೆಟ್ಟಗೆ ನಿಂತಿರ್ತಾಳೆ."

ಮಾತು ನಿಂತದ್ದು ಒಂದು ಪದದಿಂದ. ಅಂದು ದೊಡ್ಡ ಗಿರಾಕಿಯೊಬ್ಬರು ಅಂಗಡಿಗೆ ಬಂದಿದ್ದರು. ಚಿಕ್ಕಪ್ಪ ಅವರಿಗೆಂದೇ ಒಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರು. ಗಿರಾಕಿ ಆ ಕೈಯನ್ನೇ ನೋಡುತ್ತ ಅಪ್ಪನನ್ನು ಕೇಳಿದರು: "ಇವರು ಯಾರು?" ಅಪ್ಪ ತಲೆ ಎತ್ತದೆ "ನಮ್ಮ ಆಳು" ಎಂದರು. ಚಿಕ್ಕಪ್ಪ ಅರ್ಧ ಗೆರೆಯಲ್ಲೇ ಗಾಜು ಕೊಯ್ಯುವ ಕಡ್ಡಿಯನ್ನು ಕೆಳಗಿಟ್ಟು ಹೊರಗೆ ನಡೆದುಬಿಟ್ಟರು. ಅರ್ಧ ಗೆರೆ ಬಿದ್ದ ಗಾಜು ಅರ್ಧಕ್ಕೆ ನಿಲ್ಲುವುದಿಲ್ಲ. ಅಪ್ಪ ಅದನ್ನು ಎತ್ತಲು ಹೋದಾಗ ಅದು ತನಗೆ ತೋಚಿದ ಕಡೆಗೆ ಸೀಳಿತು. ಗಿರಾಕಿ ವಾಪಸು ಹೋದರು.

"ತಮ್ಮ ಅನ್ನೋ ಎರಡಕ್ಷರ ಬಾಯಿಗೆ ಬರಲಿಲ್ಲ ನಿಮ್ಮಪ್ಪಂಗೆ. ಜೀತಕ್ಕಿದೀನಾ ನಾನು?" ಎನ್ನುತ್ತಾರೆ ಚಿಕ್ಕಪ್ಪ.

"ಆಳು ಅಂದ್ರೆ ಮನುಷ್ಯ ಅಂತಲೂ ಅರ್ಥ. ನಮ್ಮ ಮನುಷ್ಯ ಅಂದೆ. ಆಳೆತ್ತರದ ಗಾಜು ಅಂದಾಗ ಯಾವ ಗಾಜಾದರೂ ಕೋಪ ಮಾಡ್ಕೊಂಡಿದೆಯಾ? ಹತ್ತು ಜನರ ಎದುರು ನನ್ನ ಮಾನ ಒಡೆದು ಹೋದನಲ್ಲ, ಅದನ್ನ ಕೇಳು ಮೊದಲು" ಎನ್ನುತ್ತಾರೆ ಅಪ್ಪ. ಹತ್ತು ಜನರಿರಲಿಲ್ಲ. ಒಬ್ಬ ಗಿರಾಕಿ, ಮತ್ತು ಬಾಗಿಲ ಬಳಿ ಕಾಲೇಜಿನ ಚೀಲ ಹೊತ್ತು ನಿಂತಿದ್ದ ನಾನು. ಅಪ್ಪ ಯಾವ ಅರ್ಥದಲ್ಲಿ ಅಂದರೋ ನನಗೂ ಗೊತ್ತಿಲ್ಲ. ಬಹುಶಃ ಅವರಿಗೂ ಗೊತ್ತಿಲ್ಲ.

ನಾನು ಓದಿದ್ದು ತತ್ವಶಾಸ್ತ್ರ. ಗಾಜಿನ ಅಂಗಡಿಯ ಹುಡುಗಿಗೆ ಅದೇಕೆ ಎಂದು ಕೇಳದವರಿಲ್ಲ. ಚಿಕ್ಕಪ್ಪ ಮಾತ್ರ "ಕಾಣದೇ ಇರೋದನ್ನ ನೋಡೋ ವಿದ್ಯೆ ತಾನೇ? ಗಾಜೂ ಅಷ್ಟೇ. ನಮ್ಮ ಕಸುಬೇ ಬಿಡು" ಎಂದು ತೀರ್ಪು ಕೊಟ್ಟಿದ್ದರು. ಕೊನೆಯ ವರ್ಷದಲ್ಲಿ ಜರ್ಮನ್ ಆದರ್ಶವಾದದ ಪಾಠವಿತ್ತು. ಪರೀಕ್ಷೆಗಾಗಿ ಓದಿದ್ದರಲ್ಲಿ ಬಹಳಷ್ಟು ಮರೆತುಹೋಗಿದೆ. ಒಂದು ಮಧ್ಯಾಹ್ನ ಮಾತ್ರ ಮರೆತಿಲ್ಲ. ಮೇಡಂ ಸೀಮೆಸುಣ್ಣವನ್ನು ಕೆಳಗಿಟ್ಟು, ಕೈಯ ಪುಡಿ ಝಾಡಿಸಿಕೊಂಡು, ಒಬ್ಬ ಜರ್ಮನ್ ತತ್ವಜ್ಞಾನಿ ಬರೆದ, ಇಬ್ಬರು ಎದುರುಬದುರಾಗುವ ಸಂಗತಿ ಹೇಳಿದರು.

ಇಬ್ಬರಿಗೂ ಬೇಕಾದದ್ದು ಒಂದೇ: ನಾನೂ ಒಬ್ಬನಿದ್ದೇನೆ ಎಂದು ಎದುರಿನವನು ಒಪ್ಪಬೇಕು. ಯಾರೂ ಮೊದಲು ಒಪ್ಪುವುದಿಲ್ಲ. ಹೋರಾಡುತ್ತಾರೆ. ಒಬ್ಬ ಪ್ರಾಣಕ್ಕೆ ಹೆದರಿ ಸೋಲುತ್ತಾನೆ, ಆಳಾಗುತ್ತಾನೆ, ಇನ್ನೊಬ್ಬ ಆಳುತ್ತಾನೆ. "ಆದರೆ ಗೆದ್ದವನ ಕೈಗೆ ಬಂದದ್ದೇನು?" ಎಂದು ಮೇಡಂ ಕೇಳಿದರು. "ತಾನೇ ಲೆಕ್ಕಕ್ಕಿಡದ ಒಬ್ಬನ ಸಲಾಮು. ಅದರಿಂದ ಹೊಟ್ಟೆ ತುಂಬುತ್ತದೆಯೇ? ಇಲ್ಲ ಅನ್ನುವ ಸ್ವಾತಂತ್ರ್ಯ ಇರುವವನು ಹೌದು ಅಂದಾಗ ಮಾತ್ರ ಆ ಹೌದಿಗೆ ತೂಕ."

ಆಳು ಎಂಬ ಒಂದೇ ಪದದ ಹೊಟ್ಟೆಯಲ್ಲಿ ಸೇವಕನೂ ಇದ್ದಾನೆ, ಆಳುವವನೂ ಇದ್ದಾನೆ, ಬರಿಯ ಮನುಷ್ಯನೂ ಇದ್ದಾನೆ ಎಂದು ನನಗೆ ಅಂದು ಮೊದಲ ಬಾರಿಗೆ ಹೊಳೆಯಿತು. ಎಷ್ಟೋ ದೂರದ ದೇಶದಲ್ಲಿ, ಇನ್ನೂರು ವರ್ಷದ ಹಿಂದೆ, ಯಾರೋ ಮೇಣದ ಬತ್ತಿಯ ಬೆಳಕಿನಲ್ಲಿ ಕೂತು ನಮ್ಮ ಅಂಗಡಿಯ ಜಗಳವನ್ನು ಬರೆದಿಟ್ಟಿದ್ದರು. ಮುಂದುವರಿದು ಮೇಡಂ, ಈ ಕಗ್ಗಂಟು ಬಿಚ್ಚಿಕೊಳ್ಳುವುದು ಇಬ್ಬರೂ ಒಬ್ಬರನ್ನೊಬ್ಬರು ಹಿಡಿತದಿಂದ ಬಿಟ್ಟಾಗ, ಬಿಟ್ಟ ಮೇಲೂ ಎದುರಿನವನಲ್ಲಿ ತನ್ನನ್ನೇ ಕಂಡಾಗ ಎಂದರು. ಅದಕ್ಕೆ ಅವರು ಕೊಟ್ಟ ಪದ 'ಪರಸ್ಪರ ಮನ್ನಣೆ'. ಮನ್ನಿಸುವುದೆಂದರೆ ಗೌರವಿಸುವುದೂ ಹೌದು, ಕ್ಷಮಿಸುವುದೂ ಹೌದು. ನಮ್ಮ ಮಾತು ಆ ಎರಡನ್ನೂ ಬೇರೆ ಮಾಡಿಯೇ ಇಲ್ಲ ನೋಡಿ ಎಂದು ಮತ್ತೆ ಸೀಮೆಸುಣ್ಣ ಎತ್ತಿಕೊಂಡರು.

ನನಗೊಂದು ಪ್ರಶ್ನೆಯಿತ್ತು. ಆ ಮನ್ನಣೆಯನ್ನು ಮೂರನೆಯವರ ಕೈಲಿ ಹೇಳಿ ಕಳಿಸಬಹುದೇ? ಕೈ ಎತ್ತಬೇಕೆಂದುಕೊಂಡೆ. ಕೈ ಬೆಂಚಿನ ಮೇಲೇ ಇತ್ತು, ಗಂಟೆ ಹೊಡೆಯಿತು.

ಮೊನ್ನೆ ಸಂಜೆ ಚಿಕ್ಕಪ್ಪ ಅಂಗಡಿಯ ಬಾಗಿಲೆಳೆಯುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ಅಂಚೆ, ಇದೊಂದು ಕೊನೇ ಕಾಗದ. ಹಿಂದಿನ ಬೀದೀಲಿ ನಾನೊಂದು ಅಂಗಡಿ ನೋಡಿದೀನಿ. ಲೈಬ್ರರಿ ಕೆಲಸ ಮುಗಿದ ಮೇಲೆ ನಾನು ಬೇರೆ. ನಿಮ್ಮಪ್ಪಂಗೆ ಹೇಳಿಬಿಡು."

"ಚಿಕ್ಕಪ್ಪ, ನೀವೇ..."

"ನಾನೇ ಹೇಳೋ ಹಾಗಿದ್ದಿದ್ರೆ ಬೇರೆ ಯಾಕೆ ಹೋಗ್ತಿದ್ದೆ, ಪೆದ್ದಿ?" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಕೈಯಿಂದ ಗಾಜಿನ ಪುಡಿ ಕೂದಲಿಗೆ ಇಳಿಯಿತು.

ಆ ಮಾತು ಅಂದಿನಿಂದ ನನ್ನ ಬಾಯಲ್ಲೇ ಇದೆ. ನಾನು ಹೇಳಿದ ಕ್ಷಣಕ್ಕೆ ಅಪ್ಪ "ಹೋಗಲಿ ಅನ್ನು" ಎನ್ನುತ್ತಾರೆ. ಅದನ್ನೂ ನಾನೇ ದಾಟಿಸುತ್ತೇನೆ. ಅಲ್ಲಿಗೆ ಮುಗಿಯಿತು, ಒಂದು ಅಂಗಡಿ ಎರಡಾಗುವುದಕ್ಕೆ ನನ್ನ ಎರಡು 'ಅಂತೆ' ಸಾಕು.

ಲೈಬ್ರರಿ ಕೆಲಸವೆಂದರೆ ಹೊಸ ಓದುವ ಕೋಣೆಗೆ ಗಾಜು ಹಾಕುವುದು. ಅಂಗಳದ ಕಡೆಯ ಗೋಡೆಯೇ ಗಾಜು. ಪಕ್ಕದವೆಲ್ಲ ಕೂತಿದ್ದವು, ಇಂದು ಬೆಳಿಗ್ಗೆ ಉಳಿದದ್ದು ನಡುವಿನ ಒಂದು ಹಾಳೆ, ಆಳೆತ್ತರಕ್ಕಿಂತ ಎತ್ತರ. ಇಷ್ಟು ದೊಡ್ಡ ಗಾಜನ್ನು ನಿಲ್ಲಿಸಿ ಹೊರುವಾಗ ಒಬ್ಬ ಹಿಮ್ಮುಖವಾಗಿ ನಡೆಯಬೇಕು. ಅಪ್ಪ ಹಿಮ್ಮುಖ, ಚಿಕ್ಕಪ್ಪ ಮುಮ್ಮುಖ, ಪಕ್ಕದಲ್ಲಿ ನಾನು.

"ಮೆಟ್ಟಿಲು ಬಂತು ಅನ್ನು."

"ಅಪ್ಪಾ, ಮೆಟ್ಟಿಲಂತೆ."

"ಅಂತೆ ಅಲ್ಲ! ಇದೆಯೋ ಇಲ್ವೋ ಹೇಳು. ನಿನ್ನ ಅಂತೆ ಮೇಲೆ ಕಾಲಿಡಕ್ಕಾಗುತ್ತಾ?"

"ಇದೆ. ಇದೆ ಅಪ್ಪಾ. ಒಂದೇ ಮೆಟ್ಟಿಲು."

ಚಿಕ್ಕಪ್ಪನ ಭುಜ ನಗುವಿಗೆ ಕುಲುಕಿತು. ಗಾಜಿನಲ್ಲಿ ಆಕಾಶವೂ ಒಂದಿಷ್ಟು ಕುಲುಕಿತು.

ಅಂಗಳದಲ್ಲಿ ಇಬ್ಬರೂ ಸೇರಿ ಗಾಜಿನ ಬುಡವನ್ನು ಚೌಕಟ್ಟಿನ ರಬ್ಬರ್ ತುಂಡುಗಳ ಮೇಲೆ ಇಳಿಸಿ, ಮೇಲ್ಭಾಗವನ್ನು ಒಳಗೆ ಒರಗಿಸಿದರು. ಇನ್ನು ಒಬ್ಬರು ಒಳಗಿನಿಂದ, ಗಾಜಿಗೆ ಕಚ್ಚಿ ಹಿಡಿಯುವ ರಬ್ಬರ್ ಹಿಡಿಕೆಯಿಂದ ಅದನ್ನು ಎಳೆದು ಹಿಡಿದಿರಬೇಕು. ಇನ್ನೊಬ್ಬರು ಹೊರಗಿನಿಂದ ಸುತ್ತ ಮರದ ಪಟ್ಟಿ ಹೊಡೆಯಬೇಕು. ಪಟ್ಟಿ ಕೂರುವ ತನಕ ಗಾಜು ನಿಲ್ಲುವುದು ಒಳಗಿನವನ ಕೈಮೇಲೆ. ಅವನು ಬಿಟ್ಟರೆ ಅದು ಬೀಳುವುದು ಹೊರಗಿನವನ ಮೇಲೆ.

"ನಿಮ್ಮಪ್ಪನ ಜೊತೆ ನೀನೂ ಒಳಗೆ ಹೋಗು ಅಂಚೆ" ಎಂದರು ಚಿಕ್ಕಪ್ಪ, ಗಾಜಿಗೆ ಭುಜ ಕೊಟ್ಟು ನಿಂತಲ್ಲಿಂದಲೇ.

ಒಳಗೆ ಹೋಗಲು ಕಟ್ಟಡವನ್ನೇ ಸುತ್ತಿ ಉದ್ದನೆಯ ಮೊಗಸಾಲೆ ದಾಟಬೇಕು. ಅಪ್ಪನ ಚಪ್ಪಲಿಯ ಸದ್ದು, ನನ್ನ ಚಪ್ಪಲಿಯ ಸದ್ದು. ಬಾಯಲ್ಲಿ ಮಾತು. ಈಗ ಹೇಳಿಬಿಡಲೇ ಎಂದುಕೊಂಡೆ. ಈಗ ಹೇಳಿದರೆ ಆ ಸಿಟ್ಟಿನ ಕೈಯಲ್ಲಿ ಗಾಜು ಹಿಡಿಯುತ್ತಾರೆ ಎಂದುಕೊಂಡೆ. ಮೊಗಸಾಲೆ ಮುಗಿಯಿತು.

ಓದುವ ಕೋಣೆಯಲ್ಲಿ ಇನ್ನೂ ಪುಸ್ತಕಗಳು ಬಂದಿರಲಿಲ್ಲ. ಖಾಲಿ ಕಪಾಟುಗಳು, ಹೊಸ ವಾರ್ನಿಷ್‌ ವಾಸನೆ, ನೆಲದ ಮೇಲೆ ಇಡೀ ಅಂಗಳದ ಬೆಳಕು. ಅಪ್ಪ ಹಿಡಿಕೆಗಳನ್ನು ಗಾಜಿಗೆ ಒತ್ತಿ, ಕಾಲು ಊರಿ, ಎಳೆದು ಹಿಡಿದರು. ಆ ದಪ್ಪ ಗಾಜು ಚೌಕಟ್ಟಿಗೆ ಬಂದು ಕೂತ ಕ್ಷಣ ಹೊರಗಿನ ಸದ್ದೆಲ್ಲ ಕತ್ತರಿಸಿದ ಹಾಗೆ ನಿಂತುಹೋಯಿತು. ಹಕ್ಕಿಗಳಿಲ್ಲ, ಗಾಳಿಯಿಲ್ಲ. ಗಾಜಿನಾಚೆ ಚಿಕ್ಕಪ್ಪನ ಬಾಯಿ ಆಡುತ್ತಿತ್ತು.

"ಏನಂತೆ?" ಎಂದರು ಅಪ್ಪ.

"ಕೇಳಿಸ್ತಿಲ್ಲ ಅಪ್ಪ."

"ಕೇಳಿಸ್ಕೊಂಡು ಹೇಳು."

"ನಿಜವಾಗ್ಲೂ ಕೇಳಿಸ್ತಿಲ್ಲ."

ತೆರೆಯುವ ಕಿಟಕಿ ಒಂದೂ ಇರಲಿಲ್ಲ. ಚಿಕ್ಕಪ್ಪ ನನ್ನತ್ತ ನೋಡಿ ಮತ್ತೆ ಬಾಯಾಡಿಸಿದರು. ನಾನು ಎರಡೂ ಕೈ ಬಿಡಿಸಿ ತೋರಿಸಿದೆ: ಇಲ್ಲ, ಬರುತ್ತಿಲ್ಲ. ದಾಟಿಸಲು ನನ್ನಲ್ಲಿ ಏನೂ ಇರಲಿಲ್ಲ. ನನಗೆ ನೆನಪಿರುವಂತೆ ಹಾಗಾದದ್ದು ಅದೇ ಮೊದಲು. ಅವರ ಕಣ್ಣು ನನ್ನ ಮೇಲಿಂದ ಸರಿದು, ಹೋಗಲು ಬೇರೆ ಜಾಗವಿಲ್ಲದೆ, ಅಪ್ಪನ ಮೇಲೆ ನಿಂತಿತು.

ಇಷ್ಟು ವರ್ಷ ಇಬ್ಬರೂ ಒಬ್ಬರ ಮೊಣಕೈಯನ್ನು, ಒಬ್ಬರ ಚಪ್ಪಲಿಯನ್ನು, ಒಬ್ಬರ ಹಿಂದಿನ ಗೋಡೆಯನ್ನು ನೋಡಿಕೊಂಡೇ ಬಂದಿದ್ದರು. ಈಗ ಒಂದು ಗೇಣು ದೂರದಲ್ಲಿ ಮುಖಕ್ಕೆ ಮುಖ. ಚಿಕ್ಕಪ್ಪ ಎಡಮೂಲೆಯತ್ತ ಗಲ್ಲ ತಿರುಗಿಸಿದರು. ಅಪ್ಪ ಅತ್ತ ನೋಡಿ, ಹುಬ್ಬು ಗಂಟಿಕ್ಕಿ, ಇಷ್ಟೇ ಇಷ್ಟು ಎನ್ನುವಂತೆ ಕಣ್ಣು ಕಿರಿದು ಮಾಡಿದರು. ಚಿಕ್ಕಪ್ಪ ಬಗ್ಗಿ ಒಂದು ರಬ್ಬರ್ ತುಂಡನ್ನು ಒಳಕ್ಕೆ ತಟ್ಟಿದರು. ಗಾಜು ಕೂದಲೆಳೆಯಷ್ಟು ಏರಿತು. ಅಪ್ಪ ಕಣ್ಣು ಮುಚ್ಚಿ ತೆರೆದರು: ಸಾಕು. ಚಿಕ್ಕಪ್ಪ ತಲೆಯಾಡಿಸಿದರು: ಗೊತ್ತು. ಯಾರೂ ಯಾರಿಗೂ ಏನನ್ನೂ ಹೇಳಿ ಕಳಿಸಲಿಲ್ಲ.

ನಾನು ನಿಂತ ಜಾಗದಿಂದ, ಅಪ್ಪನ ಪ್ರತಿಬಿಂಬ ಗಾಜಿನ ಮೇಲೆ ತೆಳ್ಳಗೆ ಬಿದ್ದು, ಗಾಜಿನಾಚೆಯ ಚಿಕ್ಕಪ್ಪನ ಮುಖದ ಮೇಲೆ ಕೂತಿತ್ತು. ಅಪ್ಪನ ನೆರೆತ ಹುಬ್ಬು ಚಿಕ್ಕಪ್ಪನ ಕಪ್ಪು ಹುಬ್ಬಿನ ಮೇಲೆ. ಇಬ್ಬರೂ ಮನಸ್ಸಿಟ್ಟು ಕೆಲಸ ಮಾಡುವಾಗ ನಾಲಗೆಯ ತುದಿಯನ್ನು ತುಟಿಯ ಎಡಕೊನೆಯಲ್ಲಿ ಕಚ್ಚಿಕೊಳ್ಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಯಾವತ್ತೂ ಒಬ್ಬರ ಕಡೆಗೆ ತಿರುಗಿದಾಗ ಇನ್ನೊಬ್ಬರಿಗೆ ಬೆನ್ನು ಮಾಡಿರುತ್ತಿದ್ದೆನಲ್ಲ! ಈಗ ಒಂದೇ ಮುಖದಲ್ಲಿ ಎರಡು ನಾಲಗೆ ತುದಿ. ಚಿಕ್ಕಪ್ಪನಿಗೂ ಆ ಕಡೆಯಿಂದ ಅಪ್ಪನ ಮುಖದ ಮೇಲೆ ತನ್ನದೇ ಮುಖ ಕಾಣುತ್ತಿರಬೇಕು. ಅವರು ಒಂದು ಕ್ಷಣ ಕೆಲಸ ನಿಲ್ಲಿಸಿ ಬರಿದೇ ನೋಡಿದರು.

ಆಮೇಲೆ ಚಿಕ್ಕಪ್ಪ ಗಾಜಿನಿಂದ ಎರಡೂ ಕೈ ತೆಗೆದರು.

ಪಟ್ಟಿ, ಮೊಳೆ, ಸುತ್ತಿಗೆ ಎತ್ತಿಕೊಳ್ಳಬೇಕಾದರೆ ಕೈ ತೆಗೆಯಲೇಬೇಕು. ಎಲ್ಲ ಗಾಜಿಗೂ ಹಾಗೇ ಮಾಡುತ್ತಾರೆ. ಆದರೆ ಜಗಳವಾದಾಗಿನಿಂದ ಚಿಕ್ಕಪ್ಪ ಅಪ್ಪನ ಹಿಡಿತವನ್ನು ನಂಬದೆ, ಗಾಜಿಗೆ ಭುಜವನ್ನಾದರೂ ಒತ್ತಿಟ್ಟುಕೊಂಡೇ ಮಾಡುತ್ತಿದ್ದರು. ಈಗ ಭುಜವನ್ನೂ ತೆಗೆದರು. ಬಗ್ಗಿ, ತಲೆಯನ್ನು ಗಾಜಿನ ಕೆಳಗೇ ಇಟ್ಟು, ನೆಲದಲ್ಲಿ ಮೊಳೆ ಹುಡುಕುತ್ತ ಕೂತರು. ಅಷ್ಟರಲ್ಲಿ ಅಂಗಳದ ಒಣ ಎಲೆಗಳು ಸದ್ದಿಲ್ಲದೆ ಎದ್ದು ಸುತ್ತಿದವು, ಗಾಳಿ. ಗಾಜು ಒಮ್ಮೆ ನಡುಗಿತು. ಅಪ್ಪನ ಮುಂಗೈ ನರಗಳು ಹಗ್ಗದಂತೆ ಎದ್ದವು. ಅವರು ಹಿಡಿದಿದ್ದರು. ಹಿಡಿ ಎಂದು ಯಾರೂ ಹೇಳಿರಲಿಲ್ಲ. ಬಿಡುವ ಸ್ವಾತಂತ್ರ್ಯ ಪೂರ್ತಿ ಅವರದೇ ಆಗಿತ್ತು, ಅದಕ್ಕೇ ಆ ಹಿಡಿತಕ್ಕೆ ಅಷ್ಟು ತೂಕ ಬಂದಿತ್ತು. ಮೇಡಂ ಸೀಮೆಸುಣ್ಣ ಕೆಳಗಿಟ್ಟ ಮಧ್ಯಾಹ್ನ ಕಣ್ಣೆದುರು ಎದ್ದು ನಿಂತಿತು. ನಾನು ಓದಿದ್ದೆಲ್ಲ ನಿಜ ಎಂದು ಗೊತ್ತಾದಾಗ ಇಷ್ಟು ಹೆದರಿಕೆಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೆದರಿಕೆಯೂ ಅಲ್ಲ ಅದು. ದೊಡ್ಡದೊಂದರ ಬುಡದಲ್ಲಿ ನಿಂತು ತಲೆ ಎತ್ತಿದ ಹಾಗಿತ್ತು.

ಚಿಕ್ಕಪ್ಪ ಎದ್ದು ಮೊದಲ ಪಟ್ಟಿ ಹೊಡೆದರು. ಸುತ್ತಿಗೆಯ ಏಟು ನಮಗೆ ಮಂದವಾಗಿ ಕೇಳಿತು, ಗಾಜಿನ ಮೂಲಕ ಅಪ್ಪನ ಮೊಣಕೈಯಲ್ಲಿ ಕಂಡಿತು.

ಲೈಬ್ರರಿಯ ಮೇಡಂ ಬೀಗದ ಕೈ ಗೊಂಚಲು ಕುಣಿಸುತ್ತ ಒಳಗೆ ಬಂದರು. ಸ್ವಲ್ಪ ಹೊತ್ತು ನೋಡಿ, "ಅಬ್ಬಾ, ಏನು ಹೊಂದಾಣಿಕೆ! ಒಂದು ಮಾತಿಲ್ಲ ಕತೆಯಿಲ್ಲ" ಎಂದರು. "ಆಚೆ ಇರೋರು ಯಾರು ಯಜಮಾನ್ರೇ? ನಿಮ್ಮ ಆಳಾ?"

ಅದೇ ಪ್ರಶ್ನೆ, ಅದೇ ಪದ. ಅಪ್ಪ ಗಾಜಿನಾಚೆ ಎರಡನೇ ಪಟ್ಟಿಗೆ ಮೊಳೆ ಇಡುತ್ತಿದ್ದ ಕೈಯನ್ನೇ ನೋಡುತ್ತಿದ್ದರು.

"ಅಲ್ಲ ಮೇಡಂ" ಎಂದರು. "ನನ್ನ ತಮ್ಮ." ಹಿಡಿಕೆಗಳನ್ನು ಇನ್ನೊಮ್ಮೆ ಬಿಗಿಹಿಡಿದು, "ಅಂಗಡಿ ಇಬ್ಬರದ್ದೂ" ಎಂದು ಸೇರಿಸಿದರು.

ದನಿ ತೀರಾ ಸಣ್ಣದಾಗಿತ್ತು; ಆದರೂ ಖಾಲಿ ಕಪಾಟುಗಳೆಲ್ಲ ಅದನ್ನು ಕೇಳಿಸಿಕೊಂಡವು. ಕೇಳಬೇಕಾದವರಿಗೆ ಮಾತ್ರ ಕೇಳಲಿಲ್ಲ. ಚಿಕ್ಕಪ್ಪ ಅಪ್ಪನ ತುಟಿ ಆಡಿದ್ದನ್ನು ಕಂಡರು. ತನ್ನ ಬಗ್ಗೆಯೇ ಎಂದು ಗೊತ್ತಾಯಿತೇನೋ, ಮೊಳೆ ತುಟಿಯಲ್ಲಿಟ್ಟುಕೊಂಡೇ ನನ್ನ ಕಡೆ ಹುಬ್ಬು ಹಾರಿಸಿದರು: ಏನಂತೆ?

ಓಡಿಹೋಗಿ ಹೇಳಬೇಕೆನಿಸಿತು. ಚಿಕ್ಕಪ್ಪ, ನೀವು ತಮ್ಮನಂತೆ, ಅಂಗಡಿ ಇಬ್ಬರದ್ದೂ ಅಂತೆ. ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ನನಗೇ ಕೇಳಿಸಿತು. ತಮ್ಮನಂತೆ! ಎಷ್ಟು ಸಣ್ಣದು! ಯಾರೋ ಅಂದರಂತೆ, ಹೌದೋ ಅಲ್ಲವೋ. ಚಿನ್ನದಂಥ ಮಾತು ನನ್ನ ಬಾಯಿಗೆ ಬಂದು ಅಂತೆಕಂತೆಯಾಗುತ್ತಿತ್ತು. ಅಂದು ಎತ್ತದ ಕೈಗೆ, ಕೇಳದ ಪ್ರಶ್ನೆಗೆ ಉತ್ತರ ಇದೇ ಇರಬೇಕು. ಇದನ್ನು ಕಳಿಸಲಾಗುವುದಿಲ್ಲ.

ಕೊನೆಯ ಪಟ್ಟಿ ಕೂತ ಮೇಲೆ ಅಪ್ಪ ಹಿಡಿಕೆ ಕಳಚಿ, ಮರಗಟ್ಟಿದ ಬೆರಳುಗಳನ್ನು ಮಡಿಸಿ ಬಿಡಿಸಿದರು. ಗಾಜಿನ ಮೇಲೆ ಎರಡು ದುಂಡನೆಯ ಗುರುತು ಉಳಿದಿತ್ತು, ಬಟ್ಟೆಯಿಂದ ಒರೆಸಿದರು. ಒರೆಸಿದ ಮೇಲೆ ಅಲ್ಲಿ ಗಾಜೇ ಇರಲಿಲ್ಲ. ಅಂಗಳವೇ ಒಳಗೆ ಬಂದಂತಿತ್ತು. ಲೈಬ್ರರಿಯ ಮೇಡಂ ಕೂಡ ಗೊಂಚಲು ಕುಣಿಸುವುದನ್ನು ನಿಲ್ಲಿಸಿದರು.

ಮೊಗಸಾಲೆಯಲ್ಲಿ ಚಪ್ಪಲಿಯ ಸದ್ದು ಬಂತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ತಲೆಯ ಎಲೆಚೂರು ಕೊಡವಿಕೊಂಡು, ಅಭ್ಯಾಸದಂತೆ ಗೋಡೆ ನೋಡುತ್ತ ಕೇಳಿದರು: "ಅಂಚೆ, ನಾನು ಕೊಟ್ಟ ಕಾಗದ ಮುಟ್ಟಿಸಿದ್ಯಾ?"

ಅದೇ ಹೊತ್ತಿಗೆ ಅಪ್ಪ ಬಟ್ಟೆಯನ್ನು ಮಡಿಸುತ್ತ, ಅಭ್ಯಾಸದಂತೆ ನನ್ನ ಕಡೆ ತಿರುಗಿದರು. "ನಿಮ್ಮ ಚಿಕ್ಕಪ್ಪಂಗೆ ಹೇಳು, ಈಗ ನಾನು ಮೇಡಂಗೆ ಏನಂದೆ ಅಂತ."

ಇಬ್ಬರೂ ಕಾದರು. ನನ್ನ ಬಾಯಲ್ಲಿ ಒಬ್ಬರದ್ದು ಬೇರೆಯಾಗುವ ಮಾತು, ಇನ್ನೊಬ್ಬರದ್ದು ಒಂದಾಗುವ ಮಾತು. ಒಂದನ್ನು ನುಂಗಿ ಒಂದನ್ನು ದಾಟಿಸಿದರೆ ಎಲ್ಲ ಸರಿಹೋಗಬಹುದಿತ್ತು. 'ಕಣ್ಣು ಬಿಟ್ಟು' ಅನ್ನುವುದನ್ನು ನುಂಗಿದವಳಿಗೆ ಅದೇನು ಹೊಸದಲ್ಲ. ಆದರೆ ಆಗ ಅವರಿಬ್ಬರನ್ನೂ ಆಳುವವಳು ನಾನಾಗುತ್ತೇನೆ ಎಂದು ಹೊಳೆಯಿತು. ಹೊಸ ಗಾಜಿನಲ್ಲಿ ಅವರಿಬ್ಬರ ನಡುವೆ, ಅಂಗಳದ ಬೆಳಕಿನ ಮೇಲೆ, ತೆಳ್ಳಗಿನ ಒಂದು ಹುಡುಗಿ ನಿಂತಿದ್ದಳು. ಅವಳು ಬಾಯಿ ತೆರೆದದ್ದು ನನಗೆ ಮೊದಲು ಕಂಡಿತು, ದನಿ ಆಮೇಲೆ ಕೇಳಿತು.

"ನಾನು ಹೇಳಲ್ಲ. ಅಪ್ಪಾ, ಚಿಕ್ಕಪ್ಪ ಇಲ್ಲೇ ನಿಂತಿದಾರೆ. ಚಿಕ್ಕಪ್ಪ, ಅಪ್ಪ ಇಲ್ಲೇ ಇದಾರೆ. ನಿಮ್ಮ ನಿಮ್ಮ ಮಾತು ನೀವೇ ಹೇಳ್ಕೊಳ್ಳಿ. ನಾನು ಮನೆಗೆ ಹೋಗ್ತೀನಿ. ನನಗೆ ಹಸಿವಾಗಿದೆ."